ಕಲೆಯ ಪಕ್ಕದಲ್ಲಿ ಕುಳಿತುಕೊಳ್ಳಲೊಂದು ಜಾಗ

ಮಾನ್ಯ ಸಂಪಾದಕರೇ,

ಕನ್ನಡ ಪತ್ರಿಕೆಗಳ ವಾರಾಂತ್ಯದ ಪುರವಣಿಗಳಲ್ಲಿ ಬೆಂಗಳೂರಿನ ಕೆಫೆಗಳನ್ನೂ ಕಲಾ ಗ್ಯಾಲರಿಗಳನ್ನೂ ಪರಿಚಯಿಸುವ ಬರಹಗಳು ಈಗ ಆಗಾಗ ಬರುತ್ತಿವೆ. ಗೋಡೆಯ ಬಣ್ಣ, ಆಸನಗಳ ವಿನ್ಯಾಸ, ಕಾಫಿಯ ಬಗೆ, ಅದರ ಜೊತೆಗೆ ಕೊಡುವ ತಿಂಡಿ ಇವೆಲ್ಲದರ ವಿವರ ಅವುಗಳಲ್ಲಿರುತ್ತದೆ. ಆದರೆ ದೂರದ ಊರಿನಿಂದ, ಅದರಲ್ಲೂ ರಾಜ್ಯದ ಗಡಿಯಾಚೆಯಿಂದ ಬರುವ ಕನ್ನಡಿಗರು ಆ ಮಹಾನಗರದಲ್ಲಿ ಎಲ್ಲಿ ಹೋಗಿ ಸಂಕೋಚವಿಲ್ಲದೆ ಕುಳಿತುಕೊಳ್ಳಬಹುದು, ಯಾವ ಕಲಾಸ್ಥಳದ ಬಾಗಿಲು ಪರಿಚಯವೂ ಶಿಫಾರಸೂ ಇಲ್ಲದವರಿಗೆ ತೆರೆದಿರುತ್ತದೆ, ಅಲ್ಲಿ ಕನ್ನಡದ ಕೆಲಸ ಏನು ನಡೆಯುತ್ತಿದೆ ಎಂಬ ವಿಚಾರ ಆ ಬರಹಗಳಲ್ಲಿ ಸಿಗುವುದು ಅಪರೂಪ. ಕಾಸರಗೋಡು ಜಿಲ್ಲೆಯ ಓದುಗನಾಗಿ ಈ ಕೊರತೆಯನ್ನು ತಮ್ಮ ಗಮನಕ್ಕೆ ತರಬೇಕೆಂದೂ, ಅದರ ಜೊತೆಗೆ ನಮ್ಮ ಊರುಗಳಲ್ಲಿ ಆಗಬೇಕಾದ ಒಂದು ಕೆಲಸದ ಬಗ್ಗೆ ಹೇಳಬೇಕೆಂದೂ ಈ ಪತ್ರ ಬರೆಯುತ್ತಿದ್ದೇನೆ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಂದಿನಿಂದ ನಮಗೆ ಆಡಳಿತದ ರಾಜಧಾನಿ ತಿರುವನಂತಪುರ, ಭಾಷೆಯ ರಾಜಧಾನಿ ಬೆಂಗಳೂರು. ಮೊದಲನೆಯದಕ್ಕೆ ಕಡತಗಳ ಕೆಲಸಕ್ಕಾಗಿ ಹೋಗುತ್ತೇವೆ, ಎರಡನೆಯದಕ್ಕೆ ಮಕ್ಕಳನ್ನು ನೋಡಲು ಹೋಗುತ್ತೇವೆ. ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಎಷ್ಟೋ ಮನೆಗಳ ಯುವಕ ಯುವತಿಯರು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾರೆ. ಸಂಜೆ ಕಾಸರಗೋಡಿನಲ್ಲಿ ರೈಲು ಹತ್ತಿದರೆ ಬೆಳಗ್ಗೆ ಬೆಂಗಳೂರು, ಮತ್ತೆ ರಾತ್ರಿಯ ರೈಲಿಗೆ ಹೊರಟರೆ ಮರುದಿನ ಮನೆ. ನಡುವಿನ ಒಂದು ಹಗಲನ್ನು ಹೆಚ್ಚಿನವರು ಮಾಲ್‌ಗಳಲ್ಲಿ ಕಳೆಯುತ್ತಾರೆ. ಅವರಿಗೆ ಅಭಿರುಚಿ ಇಲ್ಲವೆಂದು ಇದಕ್ಕೆ ಅರ್ಥವಲ್ಲ. ರಾತ್ರಿಯಿಡೀ ನಿದ್ದೆಗೆಟ್ಟು ಯಕ್ಷಗಾನದ ಆಟ ನೋಡಿ, ಭಾಗವತರ ಪದ್ಯವನ್ನೂ ವೇಷಧಾರಿಗಳ ಮಾತನ್ನೂ ಒಂದು ವಾರ ಚರ್ಚಿಸಬಲ್ಲ ಜನ ಇವರು. ಮಾಲಿನ ಬಾಗಿಲಲ್ಲಿ ಯಾರೂ ಏನನ್ನೂ ಕೇಳುವುದಿಲ್ಲ, ಗ್ಯಾಲರಿಯ ಬಾಗಿಲಲ್ಲಿ ಕೇಳಿಯಾರು ಎಂಬ ಅಳುಕೇ ಅದಕ್ಕೆ ಕಾರಣ.

ಈ ಅಳುಕನ್ನು ನಾನು ಹತ್ತಿರದಿಂದ ಬಲ್ಲೆ. ನಮ್ಮ ಊರಿನ ಮಕ್ಕಳನ್ನು ಕರೆದುಕೊಂಡು ಅರಮನೆ ರಸ್ತೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯ ಮುಂದೆ ನಿಂತಾಗ ಅವರಲ್ಲೊಬ್ಬಳು, ಚಿತ್ರ ಬಿಡಿಸುವುದರಲ್ಲಿ ಶಾಲೆಗೇ ಮೊದಲಿಗಳು, ಗೇಟಿನಾಚೆಗಿನ ಬಂಗಲೆಯನ್ನು ನೋಡಿ “ಇದು ಯಾರದೋ ಮನೆಯ ಹಾಗಿದೆ, ನಾವು ಹೋಗಬಹುದಾ ಸರ್” ಎಂದು ಕೇಳಿದ್ದಳು. ಅದು ಒಂದು ಕಾಲಕ್ಕೆ ಮನೆಯೇ ಆಗಿತ್ತು, ಮಾಣಿಕ್ಯವೇಲು ಅವರ ಬಂಗಲೆ. 2009ರಿಂದ ಅದು ಸಾರ್ವಜನಿಕರ ಚಿತ್ರಶಾಲೆ. ಅತ್ಯಲ್ಪ ಶುಲ್ಕ ಕೊಟ್ಟರೆ ಯಾರು ಬೇಕಾದರೂ ಒಳಗೆ ಹೋಗಿ ಗಂಟೆಗಟ್ಟಲೆ ಇರಬಹುದು. ಚಿತ್ರಗಳನ್ನು ನೋಡಿ ದಣಿದವರು ಆವರಣದ ಹಳೆಯ ಮರಗಳ ಕೆಳಗೆ ಕುಳಿತುಕೊಳ್ಳಬಹುದು, ಅಲ್ಲೇ ಕಾಫಿ ಕುಡಿದು ಮತ್ತೊಮ್ಮೆ ಒಳಗೆ ಹೋಗಬಹುದು. ಹೀಗೆ ಎರಡನೆಯ ಸಲ ನೋಡುವಾಗಲೇ ಚಿತ್ರ ನಿಜವಾಗಿ ಕಣ್ಣಿಗೆ ಬೀಳುವುದು ಎಂಬುದು ನನ್ನ ಅನುಭವ. ಸೋಮವಾರ ಅದು ಮುಚ್ಚಿರುತ್ತದೆ ಎಂಬ ಒಂದು ವಾಕ್ಯ ಪತ್ರಿಕೆಯಲ್ಲಿ ಬಂದಿದ್ದರೆ ಎಷ್ಟೋ ಮಂದಿಗೆ ಬರಿಗೈಯಲ್ಲಿ ಹಿಂದಿರುಗುವುದು ತಪ್ಪುತ್ತಿತ್ತು.

ಕಲೆಗೂ ಕಾಫಿಗೂ ಏನು ಸಂಬಂಧ ಎಂದು ಹಿರಿಯರಲ್ಲಿ ಕೆಲವರು ಕೇಳುವುದುಂಟು. ಜಯನಗರದಾಚೆಯ ಜೆ.ಪಿ. ನಗರದಲ್ಲಿರುವ ರಂಗಶಂಕರವನ್ನು ನೋಡಿದವರಿಗೆ ಉತ್ತರ ತಾನಾಗಿಯೇ ಸಿಗುತ್ತದೆ. ಹೊನ್ನಾವರದ ಕಡೆಯಿಂದ ಬಂದು ಕನ್ನಡದ ರಂಗಭೂಮಿಯಲ್ಲೂ ಚಿತ್ರರಂಗದಲ್ಲೂ ಹೆಸರಾಗಿ 1990ರಲ್ಲಿ ಅಕಾಲದಲ್ಲಿ ತೀರಿಕೊಂಡ ಶಂಕರ್ ನಾಗ್ ಅವರ ನೆನಪಿಗಾಗಿ, ಅರುಂಧತಿ ನಾಗ್ ಅವರ ಛಲದಿಂದ 2004ರಲ್ಲಿ ಎದ್ದ ರಂಗಮಂದಿರ ಅದು. ಸೋಮವಾರ ಬಿಟ್ಟರೆ ಉಳಿದ ದಿನಗಳಲ್ಲೆಲ್ಲ ನಾಟಕ ನಡೆಯಬೇಕು ಎಂಬುದು ಅದರ ಸಂಕಲ್ಪ. ನಾಟಕ ಶುರುವಾಗುವ ಮೂರನೆಯ ಗಂಟೆ ಬಾರಿಸಿದ ಮೇಲೆ ಬಂದವರು ಎಷ್ಟೇ ದೊಡ್ಡವರಾದರೂ ಒಳಗೆ ಬಿಡುವುದಿಲ್ಲ. ಈ ಕಟ್ಟುನಿಟ್ಟಿನ ಜೊತೆಗೇ, ಒಳಗಿನ ಪಡಸಾಲೆಯಲ್ಲಿ ಒಂದು ಕೆಫೆಯನ್ನೂ ಇಟ್ಟುಕೊಂಡಿದ್ದಾರೆ. ನಾಟಕಕ್ಕೆ ಒಂದು ಗಂಟೆ ಮೊದಲೇ ಬಂದವರು ಅಲ್ಲಿ ಸಾಬುದಾನಿ ವಡೆ ತಿನ್ನುತ್ತ, ಕಾಫಿ ಕುಡಿಯುತ್ತ, ನಿನ್ನೆ ನೋಡಿದ ನಾಟಕದ ಬಗ್ಗೆ ಅಪರಿಚಿತರೊಡನೆಯೂ ಮಾತಾಡುತ್ತಿರುತ್ತಾರೆ. ನಟರೂ ಅದೇ ಮೇಜುಗಳಲ್ಲಿ ಕುಳಿತಿರುತ್ತಾರೆ. ಟಿಕೆಟ್ ಕೊಳ್ಳದವರು ಕುಳಿತರೂ ಎಬ್ಬಿಸುವವರಿಲ್ಲ. ಮೊದಲ ಸಲ ಕೆಫೆಗೆಂದು ಬಂದ ವಿದ್ಯಾರ್ಥಿ ಮುಂದಿನ ವಾರ ನಾಟಕಕ್ಕೆ ಬರುತ್ತಾನೆ, ಪ್ರೇಕ್ಷಕರು ಹುಟ್ಟಿಕೊಳ್ಳುವುದು ಹೀಗೆ. ಭಾನುವಾರಗಳಲ್ಲಿ ಮಧ್ಯಾಹ್ನದ ಹೊತ್ತಿಗೂ ಪ್ರದರ್ಶನ ಇರುವುದುಂಟು, ರಾತ್ರಿಯ ರೈಲು ಹಿಡಿಯಬೇಕಾದ ನಮ್ಮಂಥವರಿಗೆ ಅದೇ ಅನುಕೂಲ.

ಹಳೆಯ ತಲೆಮಾರಿನವರಿಗೆ ಇಂಥ ಜಾಗ ರವೀಂದ್ರ ಕಲಾಕ್ಷೇತ್ರದ ಮೆಟ್ಟಿಲುಗಳಾಗಿದ್ದವು. ಎಪ್ಪತ್ತರ ದಶಕದಲ್ಲಿ ಬಿ.ವಿ. ಕಾರಂತರು ಅದರ ಹಿಂಬದಿಯ ಬಯಲಿನಲ್ಲಿ ನಾಟಕಗಳನ್ನು ಆಡಿಸಿದ ಮೇಲೆ ಆ ಬಯಲೂ ರಂಗವಾಯಿತು. ಈಗಲೂ ಸಂಜೆ ಹೊತ್ತು ಅಲ್ಲಿಗೆ ಹೋದರೆ ಮೆಟ್ಟಿಲ ಮೇಲೋ ಮರದ ಬುಡದಲ್ಲೋ ತಾಲೀಮಿನ ಮಾತು ಕಿವಿಗೆ ಬೀಳುತ್ತದೆ.

ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕೆನಿಸುತ್ತದೆ, ಏಕೆಂದರೆ ಗ್ರಾಮೀಣ ಕರ್ನಾಟಕದ ಕಲೆಗೆ ಅಲ್ಲಿ ಗೌರವದ ಸ್ಥಾನವಿದೆ. 1960ರಲ್ಲಿ ಆರಂಭವಾದ ಈ ಸಂಸ್ಥೆಯನ್ನು ಕಟ್ಟಿ ಬೆಳೆಸಿದ ಎಂ.ಎಸ್. ನಂಜುಂಡರಾಯರು ಹಳ್ಳಿಹಳ್ಳಿ ತಿರುಗಿ ತೊಗಲುಗೊಂಬೆಗಳನ್ನು ಸಂಗ್ರಹಿಸಿದರು. ನಗರಕ್ಕೆ ಬಂದ ಹಳ್ಳಿಯವನು ರಷ್ಯದ ಕಲಾವಿದ ರೋರಿಕ್ ಅವರ ಹಿಮಾಲಯದ ಚಿತ್ರಗಳನ್ನು ನೋಡುವ ಸೂರಿನಡಿಯಲ್ಲೇ ತನ್ನ ಅಜ್ಜನ ಕಾಲದ ಗೊಂಬೆಗಳನ್ನೂ ಕಾಣಬಹುದು. 2003ರಿಂದ ಪ್ರತಿ ವರ್ಷ ನಡೆಯುತ್ತ ಬಂದಿರುವ ಚಿತ್ರಸಂತೆಯಂತೂ ಗ್ಯಾಲರಿಯ ಗೋಡೆಯನ್ನೇ ಇಲ್ಲವಾಗಿಸಿತು. ಜನವರಿಯ ಆ ಭಾನುವಾರ ವಾಹನಗಳಿಲ್ಲದ ರಸ್ತೆಯ ಎರಡೂ ಬದಿಗಳಲ್ಲಿ ಕಲಾವಿದರು ತಮ್ಮ ಚಿತ್ರಗಳನ್ನು ಒರಗಿಸಿಟ್ಟುಕೊಂಡು ಕುಳಿತಿರುತ್ತಾರೆ. ಹತ್ತು ನಿಮಿಷಗಳಲ್ಲಿ ಎದುರಿಗೆ ಕುಳಿತವರ ಮುಖ ಬರೆದುಕೊಡುವವರೂ, ವರ್ಷವಿಡೀ ದುಡಿದು ಮುಗಿಸಿದ ಒಂದೇ ಕ್ಯಾನ್ವಾಸಿನ ಪಕ್ಕ ನಿಂತವರೂ ಒಂದೇ ಸಾಲಿನಲ್ಲಿ. ಬೆಲೆ ಕೇಳಲು ನಾಚಿಕೆಯಿಲ್ಲ, ಕೊಳ್ಳದೆ ಮುಂದೆ ಹೋಗಲೂ ನಾಚಿಕೆಯಿಲ್ಲ. ನಮ್ಮ ಜಿಲ್ಲೆಯ ಶಾಲೆಗಳ ಚಿತ್ರಕಲಾ ಅಧ್ಯಾಪಕರು ಆ ಒಂದು ದಿನಕ್ಕೆ ಮಕ್ಕಳನ್ನು ಕರೆದೊಯ್ಯಬೇಕು ಎಂದು ನಾನು ಎಲ್ಲೆಡೆಯೂ ಹೇಳುತ್ತಿರುತ್ತೇನೆ.

ಎಂ.ಜಿ. ರಸ್ತೆಯ ಮೆಟ್ರೋ ನಿಲ್ದಾಣದ ಕೆಳಗೆ 2013ರಲ್ಲಿ ತೆರೆದ ರಂಗೋಲಿ ಕಲಾಕೇಂದ್ರವೂ, ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ಬಾಗಿಲು ತೆರೆದ ಕಲೆ ಮತ್ತು ಛಾಯಾಚಿತ್ರಗಳ ವಸ್ತುಸಂಗ್ರಹಾಲಯವೂ ಹೊಸ ಕಾಲದ ಸೇರ್ಪಡೆಗಳು. ಅದೇ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯ ವಿಷಯದಲ್ಲಿ ಬೆಂಗಳೂರಿನ ಕಲಾವಿದರು ನಡೆದುಕೊಂಡ ರೀತಿ ನನಗೆ ಬಹಳ ಮೆಚ್ಚಿಗೆಯಾದದ್ದು. ಸರಕಾರವು ಅದರ ನಿರ್ವಹಣೆಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ಒಪ್ಪಿಸಲು ಹೊರಟಾಗ, 2016ರಲ್ಲಿ ಹಿರಿಯರೂ ವಿದ್ಯಾರ್ಥಿಗಳೂ ಒಟ್ಟಾಗಿ ಅದರ ಮುಂದೆ ನಿಂತು ವಿರೋಧಿಸಿದರು. ಕಡಿಮೆ ಬಾಡಿಗೆಗೆ ಹೊಸ ಕಲಾವಿದರಿಗೆ ಸಿಗುವ ಗೋಡೆ ಅದೊಂದೇ, ಅದೂ ಹೋದರೆ ನಾವು ಎಲ್ಲಿ ತೂಗುಹಾಕುವುದು ಎಂಬುದು ಅವರ ಸರಳವಾದ ಪ್ರಶ್ನೆಯಾಗಿತ್ತು. ಒಂದು ಗೋಡೆಗಾಗಿ ಹಾಗೆ ಬೀದಿಗಿಳಿಯಬೇಕಾದರೆ ಆ ಗೋಡೆಯ ಬೆಲೆ ಏನೆಂದು ತಿಳಿದಿರಬೇಕು.

ಇನ್ನು ಹೋಟೆಲುಗಳು. 1924ರ ಎಂಟಿಆರ್ ಆಗಲಿ, ಗಾಂಧಿಬಜಾರಿನಲ್ಲಿ 1943ರಲ್ಲಿ ಶುರುವಾದ ವಿದ್ಯಾರ್ಥಿ ಭವನವಾಗಲಿ ನಮ್ಮ ಕರಾವಳಿಯಿಂದ ಹೋದವರು ಕಟ್ಟಿದವು. ವಿದ್ಯಾರ್ಥಿ ಭವನದ ಮಸಾಲೆ ದೋಸೆಯ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ, ನಾನು ಅದರ ಗೋಡೆಗಳ ಬಗ್ಗೆ ಹೇಳುತ್ತೇನೆ. ಅಲ್ಲಿ ಕನ್ನಡದ ಸಾಹಿತಿಗಳ ರೇಖಾಚಿತ್ರಗಳು ಸಾಲಾಗಿವೆ. ದೋಸೆಗಾಗಿ ಕಾಯುತ್ತ ಕುಳಿತ ಮಗು ತಲೆಯೆತ್ತಿ ನೋಡಿ ಇವರು ಯಾರು ಎಂದು ತಂದೆಯನ್ನು ಕೇಳುತ್ತದೆ. ತಂದೆಗೆ ತಿಳಿಯದಿದ್ದರೆ ಪಕ್ಕದ ಮೇಜಿನವರು ಹೇಳುತ್ತಾರೆ. ಮಾಣಿ ನಾಲ್ಕಾರು ತಟ್ಟೆಗಳನ್ನು ಒಂದೇ ತೋಳಿನ ಮೇಲೆ ಪೇರಿಸಿಕೊಂಡು ಬರುವ ಹೊತ್ತಿಗೆ ಒಂದು ಸಾಹಿತ್ಯ ಪಾಠ ಮುಗಿದಿರುತ್ತದೆ. ಶುಕ್ರವಾರ ಅಲ್ಲಿ ರಜೆ ಎಂಬುದನ್ನು ಹೊರಊರಿನವರು ನೆನಪಿಟ್ಟುಕೊಳ್ಳಬೇಕು. ಅಲ್ಲಿಂದ ಹೊರಬಿದ್ದರೆ ನಡಿಗೆಯ ದೂರದಲ್ಲೇ ಕನ್ನಡ ಪುಸ್ತಕದಂಗಡಿಯೂ ಇದೆ.

ಇಂಡಿಯನ್ ಕಾಫಿ ಹೌಸಿನ ಕಥೆ ಕಾಸರಗೋಡಿನವರಿಗೆ ಇನ್ನೂ ಹತ್ತಿರದ್ದು, ಆದರೆ ನಮ್ಮವರಿಗೇ ಅದು ಅಷ್ಟಾಗಿ ತಿಳಿದಿಲ್ಲ. ಐವತ್ತರ ದಶಕದಲ್ಲಿ ಕಾಫಿ ಮಂಡಳಿಯು ತಾನು ನಡೆಸುತ್ತಿದ್ದ ಕಾಫಿ ಹೌಸುಗಳನ್ನು ಮುಚ್ಚತೊಡಗಿ ನೌಕರರನ್ನು ಮನೆಗೆ ಕಳುಹಿಸಿದಾಗ, ಆ ನೌಕರರೇ ಸಹಕಾರ ಸಂಘ ಕಟ್ಟಿಕೊಂಡು ಅವನ್ನು ನಡೆಸಬೇಕೆಂದು ಮುಂದೆ ನಿಂತವರು ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ (ಎಕೆಜಿ). 1957ರ ಆಗಸ್ಟಿನಲ್ಲಿ ಅಂಥ ಮೊದಲ ಸಂಘ ಆರಂಭವಾದದ್ದು ಬೆಂಗಳೂರಿನಲ್ಲಿ, ಅದೇ ವರ್ಷ ಎಕೆಜಿಯವರು ಲೋಕಸಭೆಗೆ ಆಯ್ಕೆಯಾದದ್ದು ಕಾಸರಗೋಡಿನಿಂದ. ರಾಜಕೀಯದಲ್ಲಿ ಯಾರ ಒಲವು ಯಾವ ಕಡೆಗೇ ಇರಲಿ, ನಮ್ಮ ಕ್ಷೇತ್ರದ ಸಂಸದರೊಬ್ಬರು ದೇಶದ ಬರಹಗಾರರಿಗೆ, ಕಲಾವಿದರಿಗೆ, ವಿದ್ಯಾರ್ಥಿಗಳಿಗೆ ಕಡಿಮೆ ಖರ್ಚಿನಲ್ಲಿ ಕುಳಿತು ಮಾತಾಡುವ ಜಾಗವನ್ನು ಉಳಿಸಿಕೊಟ್ಟರೆಂಬುದು ಹೆಮ್ಮೆಯ ವಿಷಯ. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿದ್ದ ಕಾಫಿ ಹೌಸು 2009ರಲ್ಲಿ ಅಲ್ಲಿಂದ ಎದ್ದು ಚರ್ಚ್ ಸ್ಟ್ರೀಟಿಗೆ ಹೋದಾಗ ಹಳಬರು ಎಷ್ಟು ನೊಂದುಕೊಂಡರೆಂಬುದು ಆಗಿನ ಪತ್ರಿಕೆಗಳನ್ನು ಓದಿದವರಿಗೆ ನೆನಪಿರಬಹುದು. ನಮ್ಮ ಇನ್ನೊಂದು ರಾಜಧಾನಿಯಾದ ತಿರುವನಂತಪುರದಲ್ಲಿ, ತಂಬಾನೂರು ರೈಲು ನಿಲ್ದಾಣದಿಂದ ಹೊರಬಂದ ಕೂಡಲೇ, ಲಾರಿ ಬೇಕರ್ ವಿನ್ಯಾಸಗೊಳಿಸಿದ ಕಾಫಿ ಹೌಸು ಇಟ್ಟಿಗೆಯ ಗೋಪುರದಂತೆ ಕಾಣುತ್ತದೆ. ಸುತ್ತುತ್ತ ಮೇಲೇರುವ ಒಂದೇ ಇಳಿಜಾರು, ಅದರ ಅಂಚಿಗೆ ಗೋಡೆಯೊಂದಿಗೇ ಕಟ್ಟಿದ ಮೇಜು ಮತ್ತು ಜಗಲಿ, ಗಾಳಿ ಬೆಳಕಿಗಾಗಿ ಗೋಡೆಯಲ್ಲೇ ಬಿಟ್ಟ ಕಿಂಡಿಗಳು. ಅಲ್ಲಿ ಚಿತ್ರಶಾಲೆ ಬೇರೆ ಬೇಕಿಲ್ಲ, ಕಟ್ಟಡವೇ ಕಲೆ. ಕಡತದ ಕೆಲಸಕ್ಕೆಂದು ಹೋದವರು ಹಾಲು ಹಾಕದ ಕಟ್ಟನ್ ಚಾಯ ಕುಡಿಯುವುದಕ್ಕಾದರೂ ಒಳಗೆ ಹೋಗಿ ಬರಬೇಕು.

ಬೆಂಗಳೂರಿನ ಹೊಸ ಕೆಫೆಗಳಲ್ಲಿ ಎಲ್ಲವೂ ಹೀಗಿಲ್ಲವೆಂಬುದು ನಿಜ. ಕೆಲವು ಕಡೆ ಒಂದು ಲೋಟ ಕಾಫಿಯ ಬೆಲೆಗೆ ನಮ್ಮೂರಿನಲ್ಲಿ ಇಬ್ಬರು ಹೊಟ್ಟೆತುಂಬ ಊಟ ಮಾಡಬಹುದು. ಗೋಡೆಯ ಮೇಲೆ ಚಿತ್ರಗಳಿದ್ದರೂ ಬರೆದವರ ಹೆಸರಿರುವುದಿಲ್ಲ. ಕನ್ನಡದಲ್ಲಿ ಕೇಳಿದರೆ ಉತ್ತರ ಬರಲು ತಡವಾಗುತ್ತದೆ. ಆದರೆ ಪುಸ್ತಕದಂಗಡಿಯ ಒಳಗೇ ಕಾಫಿಯ ಮೇಜು ಹಾಕಿ, ಸಂಜೆ ಕವಿತೆ ಓದಿಸುವ, ಕನ್ನಡದ ಕತೆಗಾರರನ್ನು ಕರೆದು ಮಾತಾಡಿಸುವ ಜಾಗಗಳೂ ಅಲ್ಲಿ ಇವೆ. ಯಾವುದು ಯಾವುದು ಎಂದು ಬೇರ್ಪಡಿಸಿ ಹೇಳುವ ಕೆಲಸವನ್ನು ಪತ್ರಿಕೆಯೇ ಮಾಡಬೇಕು.

ಈಗ ನಮ್ಮ ಊರಿನ ವಿಷಯಕ್ಕೆ ಬರುತ್ತೇನೆ. ಕಾಸರಗೋಡಿನ ಕನ್ನಡ ಪ್ರದೇಶದಲ್ಲಿ ಸಭಾಭವನಗಳಿಗೆ ಕೊರತೆಯಿಲ್ಲ. ಕಾರ್ಯಕ್ರಮವಿದ್ದ ದಿನ ದೀಪ ಬೆಳಗಿಸಿ, ಸನ್ಮಾನ ಮಾಡಿ, ಊಟ ಬಡಿಸಿ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ಮುಂದಿನ ಕಾರ್ಯಕ್ರಮಕ್ಕೆ. ನಡುವಿನ ದಿನಗಳಲ್ಲಿ ಬಿಡುವಿರುವ ವಿದ್ಯಾರ್ಥಿ ಹೋಗಿ ಕುಳಿತು ಒಂದು ಚಿತ್ರ ನೋಡುವ, ಒಬ್ಬ ಕಲಾವಿದನೊಡನೆ ಮಾತಾಡುವ ಜಾಗ ನಮ್ಮಲ್ಲಿ ಬಹಳ ಕಡಿಮೆ. ಹೊಸದುರ್ಗದಲ್ಲಿ, ಅಂದರೆ ಕಾಞಂಗಾಡಿನಲ್ಲಿ, ಕೇರಳ ಲಲಿತಕಲಾ ಅಕಾಡೆಮಿಯ ಗ್ಯಾಲರಿ ಇದೆ. ಆದರೆ ಪೆರ್ಲ, ವರ್ಕಾಡಿ, ಪೈವಳಿಕೆಯ ಮಕ್ಕಳಿಗೆ ಅದು ದೂರ.

ಕಲೆಯ ಹತ್ತಿರ ಕುಳಿತುಕೊಳ್ಳುವುದು ನಮಗೆ ಹೊಸತೇನಲ್ಲ. ಕಲಾವಿದರು ಬಣ್ಣ ಹಚ್ಚಿಕೊಳ್ಳುವ ಯಕ್ಷಗಾನದ ಚೌಕಿ ಅಂಥದ್ದೇ ಜಾಗ. ಬಣ್ಣದ ವೇಷಧಾರಿ ಕನ್ನಡಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕುಳಿತು, ಅಕ್ಕಿಹಿಟ್ಟು ಸುಣ್ಣ ಕಲಸಿದ ಹದವಾದ ಪಾಕವನ್ನು ಕಡ್ಡಿಯ ತುದಿಯಲ್ಲಿ ಎತ್ತಿ ಕೆನ್ನೆಯ ಮೇಲೆ ಒಂದೊಂದೇ ಮುಳ್ಳಿನಂತೆ ಚುಟ್ಟಿ ಇಡುತ್ತಾರೆ. ಒಂದು ಸಾಲು ಒಣಗಿದ ಮೇಲೆ ಅದರ ಪಕ್ಕ ಇನ್ನೊಂದು ಸಾಲು, ಹೀಗೆ ಗಂಟೆಗಟ್ಟಲೆ ಕೆಲಸ. ಅಷ್ಟು ಹೊತ್ತೂ ಮುಖ ಅಲುಗಿಸುವಂತಿಲ್ಲ. ಬಾಲ್ಯದಲ್ಲಿ ಆ ಚೌಕಿಯ ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕುಳಿತು ನೋಡಿದವರಿಗೆ ಚಿತ್ರಕಲೆಯ ಮೊದಲ ಪಾಠ ಅಲ್ಲೇ ಆಗಿದೆ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯವರು ನಾವು. ಕಾಸರಗೋಡಿನ ಶ್ರೀ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘದ ಬೊಂಬೆಗಳು ವಿದೇಶಗಳಿಗೂ ಹೋಗಿ ಬಂದಿವೆ. ಆದರೆ ಅವುಗಳನ್ನು ಬಿಡುವಾಗಿ ಹತ್ತಿರದಿಂದ ನೋಡದ ಮಕ್ಕಳು ನಮ್ಮ ಶಾಲೆಗಳಲ್ಲೇ ಇದ್ದಾರೆ.

ಇದಕ್ಕಾಗಿ ಕೋಟಿಗಟ್ಟಲೆ ಖರ್ಚಿನ ಹೊಸ ಕಟ್ಟಡ ಬೇಡ. ಕೇರಳಕ್ಕೆ ಸೇರಿದ್ದರಿಂದ ನಮಗೆ ಸಿಕ್ಕ ದೊಡ್ಡ ಅನುಕೂಲವೆಂದರೆ ಇಲ್ಲಿನ ಗ್ರಂಥಾಲಯ ಚಳವಳಿ. ಪಿ.ಎನ್. ಪಣಿಕ್ಕರ್ ಅವರು 1945ರಲ್ಲಿ ತಿರುವಾಂಕೂರಿನಲ್ಲಿ ಕಟ್ಟಿದ ಗ್ರಂಥಾಲಯ ಸಂಘದಿಂದ ಬೆಳೆದ ಆ ಚಳವಳಿಯ ಫಲವಾಗಿ ನಮ್ಮ ಹಳ್ಳಿಗಳಲ್ಲೂ ಊರವರೇ ನಡೆಸುವ ವಾಚನಾಲಯಗಳಿವೆ, ಅವುಗಳಲ್ಲಿ ಕನ್ನಡದವೂ ಇವೆ. ದಿನವೂ ಸಂಜೆ ತೆರೆಯುತ್ತವೆ, ಬೆಂಚು ಮೇಜುಗಳಿವೆ, ಸಮೀಪದಲ್ಲೇ ಚಾದಂಗಡಿಯೂ ಇರುತ್ತದೆ. ಇವುಗಳ ಒಂದು ಗೋಡೆಯನ್ನು ಖಾಲಿ ಮಾಡಿ, ಮೇಲುಗಡೆ ಒಂದು ಕಬ್ಬಿಣದ ಪಟ್ಟಿ ಹೊಡೆದು, ತಿಂಗಳಿಗೊಬ್ಬ ಸ್ಥಳೀಯ ಕಲಾವಿದರಿಗೆ ಕೊಟ್ಟರೆ ಸಾಕು. ಚಿತ್ರದ ಕೆಳಗೆ ಬರೆದವರ ಹೆಸರು, ಊರು, ಬೆಲೆ ಕನ್ನಡದಲ್ಲೂ ಮಲಯಾಳದಲ್ಲೂ ಇರಲಿ. ವಾರದಲ್ಲೊಂದು ಸಂಜೆ ಕಲಾವಿದರು ಬಂದು ಕುಳಿತಿರಲಿ, ಚಾದಂಗಡಿಯಿಂದ ಚಾ ಮತ್ತು ಗೋಳಿಬಜೆ ತರಿಸಿದರೆ ಅದೇ ನಮ್ಮ ಕೆಫೆ.

ಕಾಗದದ ಮೇಲೆ ಬರೆದ ಚಿತ್ರಗಳಿಗೆ ನಮ್ಮ ಮಳೆಗಾಲ ಆಗಿಬರುವುದಿಲ್ಲ. ಗೋಡೆ ಬೆವರುತ್ತದೆ, ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಚಿತ್ರಗಳ ಪ್ರದರ್ಶನವನ್ನು ದೀಪಾವಳಿಯಿಂದ, ಮೇ ತಿಂಗಳ ಕೊನೆಯ ಭಾಗದಲ್ಲಿ ಬರುವ ಪತ್ತನಾಜೆಯ ವರೆಗೆ ಇಟ್ಟುಕೊಳ್ಳುವುದು ಒಳ್ಳೆಯದು. ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಕಲಾವಿದರಿಗೆ ಬಿಡುವಿರುತ್ತದೆ. ಆ ತಿಂಗಳುಗಳಲ್ಲಿ ಅವರನ್ನು ಗೌರವಧನ ಕೊಟ್ಟು ಕರೆಸಿ, ಚುಟ್ಟಿ ಇಡುವುದನ್ನೂ ಕಿರೀಟ ಭುಜಕೀರ್ತಿಗಳಿಗೆ ಬೇಗಡೆ ಅಂಟಿಸುವುದನ್ನೂ ಮಕ್ಕಳಿಗೆ ತೋರಿಸಬಹುದು. ಮಳೆಗಾಲದಲ್ಲಿ ಸಂಪಾದನೆಯಿಲ್ಲದ ಕಲಾವಿದರಿಗೆ ಅದು ಸಣ್ಣ ಆಧಾರವೂ ಆದೀತು. ಮಂಜೇಶ್ವರದಲ್ಲಿ ಗೋವಿಂದ ಪೈಗಳ ನೆನಪಿಗೆ ನಿರ್ಮಿಸಿದ ಗಿಳಿವಿಂಡಿನಲ್ಲಿ ಇದರ ಮೊದಲ ಪ್ರಯೋಗ ನಡೆದರೆ ಎಲ್ಲ ರೀತಿಯಿಂದಲೂ ಯೋಗ್ಯ. ಕರ್ನಾಟಕದ ಅಕಾಡೆಮಿಗಳು ಗಡಿನಾಡಿಗೆ ಬಂದು ಒಂದು ದಿನದ ಉತ್ಸವ ಮಾಡಿ ಹೋಗುವುದಕ್ಕಿಂತ, ಅದೇ ಹಣವನ್ನು ಹತ್ತು ವಾಚನಾಲಯಗಳ ಗೋಡೆಗಳಿಗೆ ಹಂಚಿದರೆ ವರ್ಷವಿಡೀ ಕೆಲಸ ನಡೆಯುತ್ತದೆ ಎಂದು ನಾನು ದೃಢವಾಗಿ ನಂಬಿದ್ದೇನೆ.

ಗ್ರಂಥಾಲಯಕ್ಕೆ ಬರುವವರೇ ಕಡಿಮೆಯಾಗಿರುವಾಗ ಚಿತ್ರ ನೋಡಲು ಯಾರು ಬರುತ್ತಾರೆ ಎಂದು ಕೆಲವರು ಕೇಳಬಹುದು. ತನ್ನ ಮಗಳ ಚಿತ್ರ ತೂಗುಹಾಕಿದ್ದಾರೆಂದು ತಿಳಿದರೆ ತಾಯಿ ಬರುತ್ತಾಳೆ, ಅವಳ ಜೊತೆ ನೆರೆಮನೆಯವರು ಬರುತ್ತಾರೆ. ಶಾಲೆಯ ಮಕ್ಕಳ ಚಿತ್ರಗಳಿಂದಲೇ ಆರಂಭಿಸಬೇಕೆಂದು ನಾನು ಹೇಳುವುದು ಇದೇ ಕಾರಣಕ್ಕೆ.

ತಮ್ಮ ಪತ್ರಿಕೆಯಲ್ಲಿ ನನ್ನ ವಿನಂತಿ ಇಷ್ಟು. ಬೆಂಗಳೂರಿನ ನಾಟಕ, ಕಲಾಪ್ರದರ್ಶನ, ಪುಸ್ತಕ ಬಿಡುಗಡೆಗಳ ಪಟ್ಟಿ ಅಲ್ಲಿನ ಆವೃತ್ತಿಯಲ್ಲಿ ಮಾತ್ರ ಬರುತ್ತದೆ, ಗಡಿನಾಡಿಗೆ ಬರುವ ಕರಾವಳಿ ಆವೃತ್ತಿಯಲ್ಲಿ ಬರುವುದಿಲ್ಲ. ವಾರಾಂತ್ಯದ ಪಟ್ಟಿಯನ್ನಾದರೂ ನಮ್ಮ ಆವೃತ್ತಿಯಲ್ಲಿ ಕಾಲು ಪುಟದಷ್ಟು ಕೊಡಬೇಕು. ಪ್ರವೇಶ ಉಚಿತವೇ, ರಜೆ ಯಾವ ದಿನ, ಮೆಟ್ರೋ ನಿಲ್ದಾಣ ಯಾವುದು ಹತ್ತಿರ, ಅಲ್ಲಿ ಕುಳಿತುಕೊಳ್ಳಲು ಜಾಗವಿದೆಯೇ ಎಂಬುದೂ ಅದರಲ್ಲಿರಲಿ. ಅದರ ಪಕ್ಕದಲ್ಲೇ ಕಾಸರಗೋಡು ಜಿಲ್ಲೆಯ ಆಟ, ತಾಳಮದ್ದಳೆ, ಪ್ರದರ್ಶನಗಳ ಪಟ್ಟಿಯೂ ಬಂದರೆ, ಬೆಂಗಳೂರಿನಲ್ಲಿರುವ ನಮ್ಮ ಮಕ್ಕಳು ಅಂತರಜಾಲದಲ್ಲಿ ಅದೇ ಪುಟವನ್ನು ನೋಡಿ ಊರಿಗೆ ಬರುವ ದಿನವನ್ನು ಅದಕ್ಕೆ ತಕ್ಕಂತೆ ಗೊತ್ತುಮಾಡಿಕೊಂಡಾರು. ಈ ಪಟ್ಟಿ ಶನಿವಾರ ಬಂದರೆ ನಮಗೆ ಉಪಯೋಗವಿಲ್ಲ. ಶುಕ್ರವಾರ ಸಂಜೆಯ ರೈಲು ಹಿಡಿಯುವವರು ರಜೆ ಕೇಳಿ, ಟಿಕೆಟ್ ಕಾದಿರಿಸಿಕೊಳ್ಳಬೇಕಾದ್ದರಿಂದ ಅದು ಬುಧವಾರ ಅಥವಾ ಗುರುವಾರದ ಸಂಚಿಕೆಯಲ್ಲೇ ಪ್ರಕಟವಾಗಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಅಧ್ಯಾಪಕ
ಬದಿಯಡ್ಕ, ಕಾಸರಗೋಡು ಜಿಲ್ಲೆ